ಬೀಜ ಕಡಿದು ನೋಡು ಅಂದರು

ನಮ್ಮದು ವಿಜಯಪುರದ ಕಡೆ ಥಾಮ್ಸನ್ ದ್ರಾಕ್ಷಿ ಪಡ. ಬೆಳೆದದ್ದರಲ್ಲಿ ಬಹುಪಾಲು ಒಣದ್ರಾಕ್ಷಿಗೇ ಹೋಗುತ್ತದೆ. ಸಿಹಿ ಏರಿದಷ್ಟೂ ತೂಕ, ತೂಕ ಬಂದಷ್ಟೂ ದುಡ್ಡು. ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡೇ ಒಂದು ಸೆಪ್ಟೆಂಬರ್‌ನಲ್ಲಿ ಸ್ಪೇನಿನ ರಿಯೋಹ ಎಂಬ ವೈನ್ ಸೀಮೆಗೆ, ಲಾಗ್ವಾರ್ದಿಯ ಊರಿನ ಹತ್ತಿರದ ಸಣ್ಣ ತೋಟವೊಂದಕ್ಕೆ ಕೊಯ್ಲಿನ ಕೆಲಸಕ್ಕೆ ಹೋದೆ.

ಅಲ್ಲಿ ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಮೊಣಕಾಲೆತ್ತರದ ಗಂಟು ಗಂಟು ಬುಡ, ಅದರಿಂದ ಮೇಲೆದ್ದ ಮೂರ್ನಾಲ್ಕು ತೋಳು, ಅಷ್ಟೇ. ದಿನವಿಡೀ ಬಗ್ಗಿಯೇ ಕೊಯ್ಯಬೇಕು. ವಿಡಿಯೋ ಕಾಲ್ ಮಾಡಿ ಗೊಂಚಲು ತೋರಿಸಿದರೆ ಅಪ್ಪ ನಕ್ಕುಬಿಟ್ಟರು: "ಅಲ್ಲೋ ತಮ್ಮಾ, ಇಷ್ಟ ಸಣ್ಣ ಕಾಳು ಯಾರ ತಗೋತಾರೋ?" ಕಾಳು ದಪ್ಪಗಾಗಲಿ ಅಂತ ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಗೊಂಚಲು ಅದ್ದುವವರು ನಾವು. ವೈನಿಗೆ ಅದು ಉಲ್ಟಾ. ಬಣ್ಣ ಇರುವುದು ಸಿಪ್ಪೆಯಲ್ಲಿ, ವೈನಿಗೆ ಬೇಕಾದ ಒಗರೂ ಅಲ್ಲಿದೆ. ಕಾಳು ಸಣ್ಣದಿದ್ದರೆ ರಸಕ್ಕೆ ಸಿಗುವ ಸಿಪ್ಪೆ ಜಾಸ್ತಿ. ಕೆಂಪು ದ್ರಾಕ್ಷಿಗೆ ಹೆಕ್ಟೇರಿಗೆ 6,500 ಕಿಲೋ ಮಿತಿ ಎಂಬ ಕಾನೂನೇ ಇದೆ ಅಂದೆ. ಅಂದರೆ ಎಕರೆಗೆ ಎರಡೂವರೆ ಟನ್ ಚಿಲ್ಲರೆ. ಅಪ್ಪ ಫೋನ್ ಅವ್ವನ ಕೈಗೆ ಕೊಟ್ಟರು.

ದ್ರಾಕ್ಷಿಯ ಹೆಸರು ಟೆಂಪ್ರಾನಿಯೊ. ಸ್ಪ್ಯಾನಿಷ್‌ನಲ್ಲಿ 'ಟೆಂಪ್ರಾನೊ' ಅಂದರೆ ಬೇಗ. ಬೇಗ ಹಣ್ಣಾಗುತ್ತದೆ, ಅದಕ್ಕೇ ಆ ಹೆಸರು. ಇದೇ ಜಾತಿಗೆ ಕ್ಯಾಟಲೋನಿಯದಲ್ಲಿ 'ಮೊಲದ ಕಣ್ಣು' ಎಂಬರ್ಥದ ಹೆಸರಿದೆ.

ಮೂರನೇ ದಿನ ಮೇಲಿನ ಹೊಲದ ಕಾಳು ಹಿಂಡಿ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿದೆ: 23 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 23 ಗ್ರಾಂ ಸಕ್ಕರೆ. "ಇನ್ನೊಂದು ವಾರ ಬಿಡೋಣ, 25 ಆಗುತ್ತೆ" ಅಂದೆ, ಬಲ್ಲವನ ಹಾಗೆ. ತೋಟದ ಯಜಮಾನ ಎಪ್ಪತ್ತು ದಾಟಿದ ಮನುಷ್ಯ. ಮಾತಾಡದೆ ಒಂದು ಕಾಳು ನನ್ನ ಬಾಯಿಗೆ ಹಾಕಿದರು. ಸಿಪ್ಪೆ ಅಗಿ, ಬೀಜ ಕಡಿ ಅಂದರು. ಬೀಜ ಕಂದು ಬಣ್ಣಕ್ಕೆ ತಿರುಗಿತ್ತು, ಹುರಿಗಡಲೆ ಹಾಗೆ ಕಟುಂ ಅಂತು. ಆಮೇಲೆ ಹಳ್ಳದ ಪಕ್ಕದ ಹೊಲದ್ದೊಂದು ಕೊಟ್ಟರು. ಅದರ ಬೀಜ ಇನ್ನೂ ಹಸಿರು, ಬಾಯೆಲ್ಲ ಕಹಿ. ಮೇಲಿನದು ನಾಳೆಯೇ ಕೊಯ್ಯಬೇಕು, ಇದಿನ್ನೂ ಇರಲಿ ಅಂದರು. ಟೆಂಪ್ರಾನಿಯೊಗೆ ಹುಳಿ ಮೊದಲೇ ಕಮ್ಮಿ. ಕ್ಯಾಂಟಾಬ್ರಿಯ ಬೆಟ್ಟದ ತಪ್ಪಲಿನ ರಾತ್ರಿಯ ತಂಪು ಅದನ್ನು ಅಷ್ಟಿಷ್ಟು ಕಾಪಾಡಿಕೊಡುತ್ತದೆ. ಸಿಹಿಯಾಸೆಗೆ ವಾರ ಕಾದರೆ ಆ ಹುಳಿಯೂ ಹೋಗಿ ವೈನ್ ಸಪ್ಪೆ. ನನ್ನ ಮೀಟರ್ ತೋರಿಸುತ್ತಿದ್ದದ್ದು ಸಿಹಿ ಮಾತ್ರ.

ಕೊಯ್ದ ಗೊಂಚಲುಗಳನ್ನು ಕಾಳು ಬಿಡಿಸದೆ, ಇಡಿಯಾಗಿ ತೊಟ್ಟಿಗೆ ಸುರಿದೆವು. ಭಾರಕ್ಕೆ ತಳದವು ಒಡೆದು ಹುದುಗತೊಡಗುತ್ತವೆ. ಅದರಿಂದೇಳುವ ಇಂಗಾಲದ ಡೈಆಕ್ಸೈಡ್ ತೊಟ್ಟಿ ತುಂಬಿಕೊಂಡು, ಮೇಲಿನ ಕಾಳುಗಳ ಒಳಗೊಳಗೇ ಹುದುಗುವಿಕೆ ಶುರುವಾಗುತ್ತದೆ. ಆ ಕಡೆಯ ಹಳೆಯ ಪದ್ಧತಿ ಇದು. ಹಣ್ಣಿನ ಘಮವಿರುವ, ಎಳೆಯದಾಗಿಯೇ ಕುಡಿಯುವ ವೈನಿಗೆ. ಕ್ರಿಯಾಂಸ ಅನ್ನುವ ದರ್ಜೆಯದಾದರೆ ಒಟ್ಟು ಎರಡು ವರ್ಷ ಹಳತಾಗಬೇಕು, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ.

ಕೆಲ ದಿನದ ನಂತರ ತುಳಿಯಲು ತೊಟ್ಟಿಗೆ ಇಳಿಯಬೇಕಿತ್ತು. ಉತ್ಸಾಹದಲ್ಲಿ ಪ್ಯಾಂಟ್ ಮಡಚಿ ಕಾಲು ಇಳಿಬಿಟ್ಟಿದ್ದೆ. ಯಜಮಾನರು ರಟ್ಟೆ ಹಿಡಿದು ಎಳೆದರು. ಮೋಂಬತ್ತಿ ಹಚ್ಚಿ ಹಗ್ಗದಲ್ಲಿ ಒಳಗೆ ಬಿಟ್ಟರು. ತುಂಬಿದ್ದ ಡೈಆಕ್ಸೈಡ್‌ಗೆ ಅರ್ಧಕ್ಕೇ ಫಕ್ಕನೆ ಆರಿತು. ಬಾಗಿಲೆಲ್ಲ ತೆಗೆದಿಟ್ಟು, ಗಾಳಿ ಆಡಿ, ಬತ್ತಿ ತಳದವರೆಗೂ ಉರಿಯುವ ತನಕ ಯಾರನ್ನೂ ಇಳಿಸಲಿಲ್ಲ. ಇಳಿದ ಮೇಲೆ ಕಾಲಿಗೆ ಮೇಲೆಲ್ಲ ತಣ್ಣಗೆ, ತಳದಲ್ಲಿ ಬೆಚ್ಚಗೆ ತಾಗುತ್ತಿತ್ತು. ಉಗುರಿನ ನೇರಳೆ ಬಣ್ಣ ಊರಿಗೆ ಬಂದರೂ ಹೋಗಿರಲಿಲ್ಲ.

ಈಗಲೂ ನಮ್ಮ ಪಡಕ್ಕೆ ಹೋದರೆ ಕಾಳೊಂದು ಬಾಯಿಗೆ ಹಾಕಿಕೊಂಡು ಬೀಜಕ್ಕೆ ಹುಡುಕುತ್ತೇನೆ. ಥಾಮ್ಸನ್‌ನಲ್ಲಿ ಬೀಜ ಎಲ್ಲಿಂದ ಬರಬೇಕು!