ಚಿಂಚಿಲ್ಲಾ ಕಚ್ಚುತ್ತಾ? ಹೇಗೆ ಕಚ್ತು ಅಂತ ಮೊದ್ಲು ನೋಡಿ

ಚಿಂಚಿಲ್ಲಾ ಅಂದ್ರೆ ಇಲಿ, ಅಳಿಲಿನ ಥರ ಕಡಿಯೋ ಹಲ್ಲಿರೋ, ದಟ್ಟ ತುಪ್ಪಳದ ಪುಟ್ಟ ಪ್ರಾಣಿ. ನಮ್ಮನೆ ಚಿಂಚಿಲ್ಲಾ ಹೆಸರು ಬೂದಿ, ಬಣ್ಣ ನೋಡಿ ಇಟ್ಟಿದ್ದು. ಬಂದ ಮೂರನೇ ದಿನ ಮಧ್ಯಾಹ್ನ ಮರದ ಗೂಡೊಳಗೆ ಸೊಂಪಾಗಿ ನಿದ್ದೆ ಹೊಡೀತಿತ್ತು, ನಾನು ಮುದ್ದು ಉಕ್ಕಿ ಬಂದು ಮೇಲಿಂದ ಕೈ ಹಾಕ್ದೆ, ಹೆಬ್ಬೆರಳಿಗೆ ಕಚಕ್ ಅಂತ ಹಾಕ್ತು ನೋಡಿ, ಎರಡು ತೂತು, ರಕ್ತ. ಅಮ್ಮ "ದುಡ್ಡು ಕೊಟ್ಟು ಇಲಿ ತಂದ್ಯಲ್ಲೋ" ಅಂತ ಬೈದ್ರು. ಆದ್ರೆ ತಪ್ಪು ನಂದೇ.

ಇವುಗಳ ಮೂಲ ಚಿಲಿ ದೇಶದ ಆಂಡಿಸ್ ಬೆಟ್ಟ. ಅಲ್ಲಿ ಬಂಡೆ ಸಂದಿಯಲ್ಲಿ ಹಗಲೆಲ್ಲ ಮಲಗಿ ಕತ್ತಲಾದ್ಮೇಲೆ ಹೊರಗೆ ಬರ್ತವೆ, ಗೂಬೆ, ನರಿ ಎಲ್ಲಾ ಇವುನ್ನೇ ಕಾಯ್ತಿರ್ತವೆ. ಹಾಗಾಗಿ ನಿದ್ದೇಲಿರುವಾಗ ತಲೆ ಮೇಲಿಂದ ಏನೋ ಬಂತು ಅಂದ್ರೆ ಅದರ ಲೆಕ್ಕದಲ್ಲಿ ಅದು ಗೂಬೆ ಉಗುರು, ನಿಮ್ಮ ಪ್ರೀತಿಯ ಕೈ ಅಲ್ಲ.

ಹಲ್ಲು ತಾಗಿದ್ದೆಲ್ಲಾ ಕಚ್ಚಿದ್ದಲ್ಲ, ಇದನ್ನ ಮೊದ್ಲು ತಿಳ್ಕೊಳ್ಳಿ. ಅದಕ್ಕೆ ಹೊಸ ವಸ್ತು ಏನು ಅಂತ ಗೊತ್ತಾಗೋದೇ ಬಾಯಿಂದ, ಹಾಗಾಗಿ ಬೆರಳನ್ನ ಮೆಲ್ಲಗೆ ಹಲ್ಲಲ್ಲಿ ಒತ್ತಿ ನೋಡುತ್ತೆ. ಇನ್ನೊಂದು, ಸ್ನೇಹಿತರ ಕೂದಲು ಬಾಚಿದ ಹಾಗೆ ಚಿಟಿಚಿಟಿ ಅಂತ ಕಡಿಯೋದು, ಅದು ಪ್ರೀತಿ. ಚರ್ಮ ತೂತಾಗೋ ಹಾಗೆ ಕಚ್ಚಿ ಹಿಡೀತು ಅಂದ್ರೆ ಮಾತ್ರ ಭಯ, ಸಿಟ್ಟು ಅಥವಾ ನೋವು. ಅದೂ ಸುಮ್ನೆ ಕಚ್ಚಲ್ಲ, ಮೊದ್ಲೇ ಹೇಳಿರುತ್ತೆ: ಹಿಂಗಾಲ ಮೇಲೆ ನಿಂತ್ಕೊಳ್ಳುತ್ತೆ, ಹಲ್ಲು ಕಟಕಟ ಅನ್ಸುತ್ತೆ, ಕ್ಯಾಕ್ ಕ್ಯಾಕ್ ಅಂತ ಬೊಗಳೋ ಥರ ಸದ್ದು ಮಾಡುತ್ತೆ, ಹೆಣ್ಣಾದ್ರೆ ಗುರಿ ಇಟ್ಟು ಉಚ್ಚೆ ಹೊಡೆಯೋದೂ ಉಂಟು (ನನ್ನ ಕನ್ನಡಕಕ್ಕೆ ಬಿದ್ದಿದೆ, ಗುರಿ ಸಖತ್ತಾಗಿದೆ). ಅಷ್ಟಾದ್ಮೇಲೂ ನೀವು ಕೈ ಮುಂದೆ ಮಾಡಿದ್ರೆ ಅದಿನ್ನೇನು ಮಾಡ್ಬೇಕು ಹೇಳಿ.

ಈಗ ಅಭ್ಯಾಸ ಮಾಡ್ಸೋದು. ಹಗಲು ಅದನ್ನ ಬಿಟ್ಬಿಡಿ, ಸಂಜೆ ಅದಾಗೇ ಎದ್ದು ಓಡಾಡೋಕೆ ಶುರು ಮಾಡಿದ್ಮೇಲೆ ಹೋಗಿ. ಕೈಯನ್ನ ವಾಸನೆ ಇಲ್ಲದ ಸೋಪಲ್ಲಿ ತೊಳ್ಕೊಳ್ಳಿ, ಗೋಡಂಬಿ ತಿಂದ ಬೆರಳು ಅದಕ್ಕೆ ಗೋಡಂಬಿನೇ. ಪಂಜರದ ಬಾಗಿಲು ತೆಗೆದು ಅಂಗೈ ಮೇಲೆ ಮಾಡಿ ಕೆಳಗೇ ಇಟ್ಟು ಕೂತ್ಕೊಳ್ಳಿ, ಅಷ್ಟೇ, ಹಿಡಿಯೋಕೆ ಹೋಗ್ಬೇಡಿ, ಮೊಬೈಲ್ ಬೇಕಾದ್ರೆ ನೋಡ್ತಾ ಇರಿ. ಬೂದಿ ನನ್ನ ಅಂಗೈ ಮೇಲೆ ಎರಡು ಕಾಲಿಡೋಕೆ ಹನ್ನೊಂದು ದಿನ ತಗೊಂಡ್ತು. ಬಂದ್ರೆ ಒಂದೇ ಒಂದು ಸಾದಾ ಓಟ್ಸ್ ಚೂರು ಕೊಡಿ, ಒಣದ್ರಾಕ್ಷಿ ಬೇಡ, ಸಕ್ಕರೆ ಅದರ ಹೊಟ್ಟೆಗೆ ಆಗಲ್ಲ. ಕಂಬಿ ಸಂದಿಯಿಂದ ತಿಂಡಿ ತೂರಿಸೋ ಚಾಳಿ ಮಾತ್ರ ಇಟ್ಕೋಬೇಡಿ, ಆಮೇಲೆ ಸಂದೀಲಿ ಬಂದಿದ್ದೆಲ್ಲಾ ತಿಂಡಿ ಅಂತ ಮಕ್ಕಳ ಬೆರಳಿಗೂ ಬಾಯಿ ಹಾಕುತ್ತೆ.

ಜೋರಾಗಿ ಒತ್ತಿ ಕಡೀತಿದ್ರೆ ತಗ್ಗಿದ ದನೀಲಿ "ಬೇಡ" ಅಂದು, ಕೈ ನಿಧಾನ ತೆಗೆದು ಐದು ನಿಮಿಷ ಅದರ ಕಡೆ ತಿರುಗೂ ನೋಡ್ಬೇಡಿ. ಜಗ್ಗಿ ಎಳೆದ್ರೆ ಚರ್ಮ ಹರಿಯುತ್ತೆ. ಭಯಕ್ಕೆ ಕಚ್ಚಿದ್ರೆ ಪಾಠ ಹೇಳೋಕೆ ಹೋಗ್ದೆ ಆವತ್ತಿಗೆ ಬಿಟ್ಬಿಡಿ. ಮೂಗಿಗೆ ಫಟ್ ಅಂತ ಹೊಡೀರಿ, ಮುಖಕ್ಕೆ ಊದಿ ಅಂತ ಹೇಳೋರಿದ್ದಾರೆ, ನನಗಂತೂ ಅದು ಸರಿ ಕಾಣಲ್ಲ, ಮೊದ್ಲೇ ಹೆದರಿರೋದನ್ನ ಇನ್ನಷ್ಟು ಹೆದರಿಸಿ ಏನು ಸಿಗುತ್ತೆ. ಅದರ ಪಕ್ಕೆಲುಬು ತುಂಬಾ ನಾಜೂಕು, ಬಿಗಿಯಾಗಿ ಹಿಡಿದ್ರೂ ಅಪಾಯ, ಮತ್ತೆ ಹೆದರಿದಾಗ ಕೂದಲನ್ನ ಗುಪ್ಪೆ ಗುಪ್ಪೆಯಾಗಿ ಬಿಟ್ಟು ತಪ್ಪಿಸ್ಕೊಳ್ಳುತ್ತೆ, ನಿಮ್ಮ ಕೈಯಲ್ಲಿ ಉಳಿಯೋದು ತುಪ್ಪಳ ಮಾತ್ರ.

ಕಡಿಯೋಕೆ ಏನಾದ್ರೂ ಇರ್ಲೇಬೇಕು, ಯಾಕಂದ್ರೆ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ. ಒಣಹುಲ್ಲು ಯಾವಾಗ್ಲೂ ಇರ್ಲಿ. ಕಡ್ಡಿಗೆ ನಾನು ರಾಮನಗರದ ಕಡೆಯಿಂದ ಹಿಪ್ಪುನೇರಳೆ ತರಿಸ್ತೀನಿ, ಔಷಧಿ ಹೊಡೀದೇ ಇರೋ ಗಿಡದ್ದು, ತೊಳೆದು ಚೆನ್ನಾಗಿ ಒಣಗಿಸಿ ಕೊಟ್ರೆ ರಾತ್ರಿಯೆಲ್ಲಾ ಕರಕರ.

ಇಷ್ಟು ದಿನ ಸಾಧುವಾಗಿದ್ದದ್ದು ಇದ್ದಕ್ಕಿದ್ದಂಗೆ ಕಚ್ಚೋಕೆ ಶುರು ಮಾಡಿದ್ರೆ ಅಭ್ಯಾಸ ಗಿಭ್ಯಾಸ ಅಂತ ಕೂರ್ಬೇಡಿ, ನೋವಿರಬಹುದು. ಗದ್ದ ಒದ್ದೆ ಇದೆಯಾ, ತಿಂದಿದ್ದು ಬಾಯಿಂದ ಬೀಳ್ತಿದೆಯಾ, ಕಿತ್ತಳೆ ಬಣ್ಣ ಇರಬೇಕಾದ ಮುಂದಿನ ಹಲ್ಲು ಬೆಳ್ಳಗಾಗಿದೆಯಾ ನೋಡಿ, ಇದ್ರೆ ಇಂಥ ಪ್ರಾಣಿ ನೋಡೋ ವೆಟ್ ಹತ್ರ ಆವತ್ತೇ ಓಡಿ. ನಾಯಿ ಬೆಕ್ಕಿನ ಡಾಕ್ಟ್ರೆಲ್ಲಾ ಇದನ್ನ ನೋಡಲ್ಲ, ಮೊದ್ಲೇ ಫೋನ್ ಮಾಡಿ ಕೇಳಿ. ಇನ್ನು ಸೆಕೆ, 25 ಡಿಗ್ರಿ ದಾಟಿದ್ರೆ ಅದಕ್ಕೆ ಜೀವಕ್ಕೇ ಕುತ್ತು, ನಮ್ಮ ಏಪ್ರಿಲ್‌ನಲ್ಲಿ ಎಸಿ ಇಲ್ದೆ ಸಾಕೋ ಯೋಚ್ನೆನೇ ಬೇಡ. ನಿಮಗೆ ಗಾಯ ಆದ್ರೆ ಸೋಪು ನೀರಲ್ಲಿ ಚೆನ್ನಾಗಿ ತೊಳೀರಿ, ಆಳವಾಗಿದ್ರೆ ಡಾಕ್ಟ್ರಿಗೆ ತೋರ್ಸಿ.

ಬೂದಿ ಈಗ ನನ್ನ ಕೈಗೆ ಹಲ್ಲು ಹಾಕಲ್ಲ. ತೊಡೆ ಮೇಲೆ ಹತ್ತಿ ಕೂತು ಅಂಗಿ ಗುಂಡಿ ಕಡಿಯುತ್ತೆ, ಈ ತಿಂಗಳಲ್ಲಿ ನಾಲ್ಕು ಹೋಯ್ತು, ಅಮ್ಮ ಬೈತಾನೇ ಹೊಲೀತಾರೆ.