ಪ್ಯಾರಿಸ್ಸಿನಲ್ಲಿ ನನ್ನ ಅಕ್ಕಪಕ್ಕದವರು

ಪ್ಯಾರಿಸ್ಸಿಗೆ ಓದಲು ಬಂದ ಮೊದಲ ಮೂರು ವಾರ ಶಿವಮೊಗ್ಗದ ಮನೆಗೆ ಫೋಟೊ ಕಳಿಸಿದ್ದೇ ಕಳಿಸಿದ್ದು. ಐಫೆಲ್ ಗೋಪುರ, ಲೂವ್ರ್, ಸೀನ್ ನದಿಯ ಸೇತುವೆಗಳು. ಅಮ್ಮ ಎಲ್ಲವನ್ನೂ ನೋಡಿ, “ಊರೇನೋ ಚೆನ್ನಾಗಿದೆ. ನಿನ್ನ ಪಕ್ಕದ ಮನೆಯಲ್ಲಿ ಯಾರಿದ್ದಾರೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಎದುರು ಬಾಗಿಲಿನ ಅಜ್ಜ ದಿನವೂ ಮೆಟ್ಟಿಲಲ್ಲಿ ಸಿಗುತ್ತಿದ್ದರು. ಒಂದು ದಿನವೂ ಮಾತನಾಡಿಸಿರಲಿಲ್ಲ. ಅಮ್ಮನ ಆ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು.

ನನ್ನ ಕೋಣೆ ಇದ್ದದ್ದು ಪ್ಯಾರಿಸ್ಸಿಗೆ ಅಂಟಿಕೊಂಡ ಸಾಂ-ದೆನಿ ಎಂಬ ಊರಿನಲ್ಲಿ. ಫ್ರಾನ್ಸಿನ ಬಹುತೇಕ ಅರಸರ ಸಮಾಧಿಗಳು ಇಲ್ಲಿಯ ಬಸಿಲಿಕಾ ಚರ್ಚಿನಲ್ಲಿವೆ, ಆದರೂ ಪ್ರವಾಸಿಗರ ಪಟ್ಟಿಯಲ್ಲಿ ಈ ಊರು ಅಪರೂಪ. ಪ್ಯಾರಿಸ್ ನಗರವನ್ನು ಸುತ್ತುವರಿದ 35 ಕಿಲೋಮೀಟರ್ ಉದ್ದದ ವರ್ತುಲ ಹೆದ್ದಾರಿ 1973ರಲ್ಲಿ ಪೂರ್ಣಗೊಂಡಿತು. ಅದರ ಒಳಗೆ ಸುಮಾರು 21 ಲಕ್ಷ ಜನರಿದ್ದಾರೆ. ಹೊರಗಿನ ಊರುಗಳನ್ನೂ ಸೇರಿಸಿದ ಇಲ್-ದ-ಫ್ರಾನ್ಸ್ ಪ್ರದೇಶದ ಜನಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷ ದಾಟುತ್ತದೆ. ನಾನು ಫೋಟೊ ತೆಗೆಯುತ್ತಿದ್ದದ್ದು ಹೆದ್ದಾರಿಯ ಒಳಗೆ, ಮಲಗುತ್ತಿದ್ದದ್ದು ಹೊರಗೆ.

ವಿದ್ಯಾರ್ಥಿಗಳಿಗೆ ಇಮಾಜಿನ್ ಆರ್ ಎಂಬ ವಾರ್ಷಿಕ ಪಾಸ್ ಇದೆ. ಅದು ಕೈಯಲ್ಲಿದ್ದರೆ ಇಡೀ ಪ್ರದೇಶದ ಮೆಟ್ರೊ, ಟ್ರಾಮ್, ಬಸ್, ರೈಲುಗಳಲ್ಲಿ ಓಡಾಡಬಹುದು. ನಾನು ಭಾನುವಾರಗಳಂದು ಯಾವುದಾದರೂ ಒಂದು ಮಾರ್ಗ ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ನಡೆದೇ ವಾಪಸು ಬರತೊಡಗಿದೆ. ಮೊಬೈಲ್ ಜೇಬಿನಲ್ಲಿಯೇ ಇರುತ್ತಿತ್ತು. ದಾರಿ ತಪ್ಪಿದರೆ ಯಾರನ್ನಾದರೂ ಕೇಳಲೇಬೇಕಾಗುತ್ತಿತ್ತು. ಫ್ರೆಂಚ್ ಕಲಿಯಲು ನನಗೆ ತರಗತಿಗಿಂತ ಈ ತಿರುಗಾಟವೇ ಹೆಚ್ಚು ನೆರವಾಯಿತು. ಹೊಸದಾಗಿ ಬರುವವರಿಗೆ ಒಂದು ಮಾತು: ಅಂಗಡಿಯಾಗಲಿ ಬಸ್ಸಾಗಲಿ, ಮೊದಲು “ಬೋಂಜೂರ್”, ಅಂದರೆ ನಮಸ್ಕಾರ, ಎನ್ನಬೇಕು. ಅದನ್ನು ಬಿಟ್ಟು ನೇರವಾಗಿ ಪ್ರಶ್ನೆ ಕೇಳಿದಾಗಲೆಲ್ಲ ಎದುರಿನವರ ಮುಖ ಗಂಟಿಕ್ಕುತ್ತಿತ್ತು. ಪ್ಯಾರಿಸ್ಸಿನವರು ಒರಟರು ಎಂಬ ದೂರನ್ನು ನಾನು ಆಮೇಲೆ ಎಂದೂ ಒಪ್ಪಲಿಲ್ಲ.

ನನ್ನಂಥ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 964 ಗಂಟೆಯವರೆಗೆ ದುಡಿಯಬಹುದು. ನಾನು ಗಾರ್ ದು ನೋರ್ ನಿಲ್ದಾಣದ ಹಿಂದಿನ ಲಾ ಶಾಪೆಲ್‌ನಲ್ಲಿ, ಒಂದು ತಮಿಳು ದಿನಸಿ ಅಂಗಡಿಯಲ್ಲಿ ಮೂಟೆ ಇಳಿಸುವ ಕೆಲಸಕ್ಕೆ ಸೇರಿದೆ. 1983ರ ನಂತರ ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಮಿಳರು ಕಟ್ಟಿಕೊಂಡ ಬೀದಿಗಳಿವು. ಕರಿಬೇವು, ನುಗ್ಗೆಕಾಯಿ, ತೆಂಗಿನಕಾಯಿ ಎಲ್ಲವೂ ಇಲ್ಲಿ ಸಿಗುತ್ತವೆ. ಅಂಗಡಿಯ ಅಕ್ಕನಿಗೆ ಕನ್ನಡ ಬಾರದು, ನನ್ನ ತಮಿಳು ಹರಕು ಮುರುಕು. ಮನೆಗೆ ಹೊರಟಾಗಲೆಲ್ಲ “ಸಾಪ್ಟಿಯಾ ತಂಬಿ?” ಎಂದು ಕೇಳುತ್ತಿದ್ದರು. ಪರದೇಶದಲ್ಲಿ ನನ್ನ ಊಟದ ಬಗ್ಗೆ ಮೊದಲು ವಿಚಾರಿಸಿದವರು ಅವರೇ.

ಬೇಸಿಗೆ ಮುಗಿಯುವ ಹೊತ್ತಿಗೆ ಮಾಣಿಕ್ಕ ವಿನಾಯಕರ ಆಲಯದ ತೇರು ಈ ಬೀದಿಗಳಲ್ಲಿ ಸಾಗುತ್ತದೆ. ದೇವಸ್ಥಾನ 1985ರಲ್ಲಿ ಆರಂಭವಾದದ್ದು. ರಸ್ತೆಯಲ್ಲಿ ರಾಶಿ ಹಾಕಿದ ತೆಂಗಿನಕಾಯಿಗಳನ್ನು ಒಡೆಯುತ್ತಾರೆ, ಡಾಂಬರಿನ ಮೇಲೆ ಎಳನೀರು ಹರಿಯುತ್ತದೆ. ಮೇಲಿನ ಮಹಡಿಗಳ ಕಿಟಕಿಗಳಿಂದ ಫ್ರೆಂಚ್ ಮಕ್ಕಳು ಇಣುಕಿ ನೋಡುತ್ತಾರೆ. ಹಗ್ಗಕ್ಕೆ ಕೈ ಹಾಕಿದ ಆ ದಿನ ಈ ಊರಿನಲ್ಲಿ ನನಗೂ ಒಂದು ಜಾಗವಿದೆ ಎನ್ನಿಸಿತು.

ಎದುರು ಬಾಗಿಲಿನ ಅಜ್ಜನ ಪರಿಚಯವಾದದ್ದು ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಯಂತ್ರ ತಿರುಗುವ ನಲವತ್ತು ನಿಮಿಷ ಇಬ್ಬರಿಗೂ ಬೇರೆ ಕೆಲಸವಿರಲಿಲ್ಲ. ಅಲ್ಜೀರಿಯಾದಲ್ಲಿ ಹುಟ್ಟಿದವರು, ಬಾಲ್ಯದಲ್ಲಿಯೇ ಅಪ್ಪನೊಂದಿಗೆ ಬಂದು ಪ್ಯಾರಿಸ್ ಹೊರವಲಯದ ನಾಂತೇರ್‌ನ ಗುಡಿಸಲುಗಳಲ್ಲಿ ಬೆಳೆದವರು. ನಾನು ಸಾಂ-ಮಿಶೆಲ್ ಸೇತುವೆಯ ಮೇಲೆ ನಿಂತು ನೋತ್ರ್ ದಾಮ್ ಹಿನ್ನೆಲೆಯಲ್ಲಿ ತೆಗೆಸಿಕೊಂಡ ಫೋಟೊ ತೋರಿಸಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿಯ ಫಲಕ ಓದಿದೆಯಾ?” ಎಂದರು.

ಓದಿರಲಿಲ್ಲ. ಮರುದಿನವೇ ಹೋದೆ. ಅಲ್ಜೀರಿಯಾ ಇನ್ನೂ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ 1961ರ ಅಕ್ಟೋಬರ್ 17ರಂದು, ಅಲ್ಜೀರಿಯನ್ನರ ಮೇಲೆ ಮಾತ್ರ ಹೇರಿದ ರಾತ್ರಿ ನಿಷೇಧಾಜ್ಞೆಯ ವಿರುದ್ಧ ಸಾವಿರಾರು ಜನ ಶಾಂತಿಯುತ ಮೆರವಣಿಗೆ ಹೊರಟಿದ್ದರು. ಮೊರಿಸ್ ಪಾಪೊನ್ ಎಂಬ ಪೊಲೀಸ್ ಮುಖ್ಯಸ್ಥನ ಕೈಕೆಳಗಿನ ಪಡೆ ಅವರನ್ನು ಬಡಿಯಿತು, ಕೊಂದಿತು, ಕೆಲವರನ್ನು ಸೀನ್ ನದಿಗೆ ಎಸೆಯಿತು. ಆ ನೆನಪಿನ ಫಲಕವನ್ನು ಸೇತುವೆಯ ಬಳಿ ಹಾಕಲು ನಗರಕ್ಕೆ 2001ರವರೆಗೆ ಬೇಕಾಯಿತು. ಆ ಫಲಕದ ಪಕ್ಕದಲ್ಲಿಯೇ ನಾನು ಎಷ್ಟೋ ಸಲ ನಗುತ್ತ ಹಾದುಹೋಗಿದ್ದೆ. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಪ್ರತಿ ವರ್ಷ ಅದೇ ದಿನ ಜನ ಅಲ್ಲಿ ಸೇರುತ್ತಾರೆ. ಆ ವರ್ಷ ಅಜ್ಜನ ಜೊತೆ ನಾನೂ ಹೋದೆ. ಅವರಿಗೆ ಮೆಟ್ಟಿಲು ಇಳಿಯುವುದು ಕಷ್ಟ, ಮೆಟ್ರೊದಲ್ಲಿ ನನ್ನ ತೋಳು ಹಿಡಿದೇ ಬಂದರು. ಕಟ್ಟೆಗೆ ಒರಗಿ ಹೂವನ್ನು ನೀರಿಗೆ ಬಿಟ್ಟರು. ಅವರ ತಂದೆ 1961ರ ಆ ರಾತ್ರಿ ಒಂದೇ ಕಾಲಿನಲ್ಲಿ ಬೂಟು ಹಾಕಿಕೊಂಡು ಮನೆಗೆ ಬಂದಿದ್ದರಂತೆ. ಬದುಕಿರುವವರೆಗೂ ಅದರ ಬಗ್ಗೆ ಮಾತೆತ್ತಲಿಲ್ಲವಂತೆ. ಅಷ್ಟರಲ್ಲಿ ದೀಪ ಹೊತ್ತಿಸಿಕೊಂಡ ಪ್ರವಾಸಿ ದೋಣಿಯೊಂದು ಕೆಳಗೆ ಬಂತು. ಅದರಲ್ಲಿದ್ದವರು ನಮ್ಮತ್ತ ಕೈ ಬೀಸಿದರು. ಅಜ್ಜ ಒಂದು ಕ್ಷಣ ನೋಡಿ, ತಾವೂ ಕೈ ಎತ್ತಿ ಬೀಸಿದರು.