ಎಕ್ಸಾಸ್ಟ್ ಫ್ಯಾನಿಗೆ ಒಂದು ವೈರ್ ಜಾಸ್ತಿ ಎಳೆಸಿ

ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸುವವರು ಟೈಮರ್ ಇರುವ ಫ್ಯಾನನ್ನೇ ತಗೊಳ್ಳಿ, ಅದಕ್ಕೆ ಎರಡು ಫೇಸ್ ವೈರ್ (ಕರೆಂಟ್ ತರುವ ವೈರ್) ಎಳೆಸಿ: ಒಂದು ಲೈಟಿನ ಸ್ವಿಚ್ ದಾಟಿ ಬರುವುದು, ಇನ್ನೊಂದು ಸ್ವಿಚ್ ಆಫ್ ಇದ್ದರೂ ಕರೆಂಟ್ ಇರುವುದು. ನ್ಯೂಟ್ರಲ್, ಅರ್ಥ್ ಎಂದಿನಂತೆ. ಲೈಟ್ ಹಾಕಿದರೆ ಫ್ಯಾನೂ ಶುರುವಾಗುತ್ತದೆ, ಲೈಟ್ ಆರಿಸಿದ ಮೇಲೆ ಟೈಮರಿನಲ್ಲಿ ಇಟ್ಟಷ್ಟು ಹೊತ್ತು, 15 ನಿಮಿಷ ಅಂತಿಟ್ಟುಕೊಳ್ಳಿ, ಓಡಿ ತಾನೇ ನಿಲ್ಲುತ್ತದೆ. ಗೋಡೆ, ಸೀಲಿಂಗ್ ಮೇಲೆ ಕೂತ ತೇವ ಆರುವುದು ಸ್ನಾನ ಮುಗಿದ ಮೇಲೇ ಅಲ್ವಾ? ಲೈಟಿನ ಜೊತೆಗೇ ಫ್ಯಾನ್ ನಿಂತರೆ ಆ ತೇವ ಅಲ್ಲೇ ಉಳಿದು ಬೂಷ್ಟು ಹಿಡಿಯುತ್ತದೆ. ಎರಡೂ ಫೇಸ್ ಒಂದೇ ಎಂಸಿಬಿಯಿಂದ (ಮೇನ್ ಬೋರ್ಡಿನಲ್ಲಿ ಒಂದೊಂದು ಲೈನಿನ ಕರೆಂಟ್ ಆಫ್ ಮಾಡುವ ಸ್ವಿಚ್) ಬರಬೇಕು, ಇದನ್ನು ಎಲೆಕ್ಟ್ರಿಷಿಯನ್ ಹತ್ತಿರ ಒತ್ತಿ ಹೇಳಿ. ಬೇರೆ ಬೇರೆ ಕಡೆಯಿಂದ ತಂದರೆ ಒಂದು ಎಂಸಿಬಿ ಆಫ್ ಮಾಡಿ ಕೆಲಸಕ್ಕೆ ಕೈ ಹಾಕಿದವರಿಗೆ ಇನ್ನೊಂದು ವೈರಿನಿಂದ ಶಾಕ್ ಹೊಡೆಯುತ್ತದೆ. ಲೈಟಿನ ಸ್ವಿಚ್ ಆರಿಸಿದರೂ ಫ್ಯಾನಿನಲ್ಲಿ ಕರೆಂಟ್ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಕ್ಲೀನ್ ಮಾಡಲು ಬಿಚ್ಚುವ ಮುಂಚೆ ಎಂಸಿಬಿ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ. ಹಳೆ ಗೋಡೆಯ ಪೈಪಿನಲ್ಲಿ ಹೊಸ ವೈರಿಗೆ ಜಾಗ ಇಲ್ಲದಿದ್ದರೆ ಇದು ಆಗುವುದಿಲ್ಲ, ಆಗ ಫ್ಯಾನಿಗೆ ಬೇರೆ ಸ್ವಿಚ್ಚೇ ಸರಿ. ಇನ್ನೊಂದು, ಬಾಗಿಲ ಕೆಳಗೆ ಸಂದಿಯೇ ಇಲ್ಲದೆ, ಕಿಟಕಿಯೂ ಮುಚ್ಚಿದ್ದರೆ ಫ್ಯಾನ್ ಎಷ್ಟು ಹೊತ್ತು ಓಡಿದರೂ ಸುಮ್ನೆ. ಒಳಗೆ ಗಾಳಿ ಬಂದರೆ ತಾನೇ ಹೊರಗೆ ಹೋಗುವುದು, ಒಂದು ಬೆರಳಿನಷ್ಟಾದರೂ ಸಂದಿ ಬಿಡಿಸಿ.